ಪಾತ್ರೆಯ ಮೇಲಿನ ಎಲೆಬಳ್ಳಿ

ನಮ್ಮ ಮನೆಯ ಪಾತ್ರೆಗಳ ಬಗ್ಗೆ ಕಾಲೇಜಿನ ಮೇಷ್ಟರುಗಳೆಲ್ಲ ಸಾಲಾಗಿ ಕೂತು ಪ್ರಶ್ನೆ ಕೇಳುತ್ತಾರೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ಅದು ಆಗಿಹೋಗಿದೆ. ನನ್ನ ಮೊಮ್ಮಗಳು ಮಾಡಿ ತೋರಿಸಿದ್ದಾಳೆ. ಹಾಲಿನವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ನನ್ನಿಂದ ಕೇಳದೆ ಉಳಿದವರು ಯಾರೂ ಇಲ್ಲ. "ಸಾಕು ಮಾಡ್ರೀ, ಇಸ್ತ್ರಿಯವನು ನಿಮ್ಮನ್ನ ನೋಡಿ ಗಾಡಿನೇ ಆ ಕಡೆ ತಿರುಗಿಸ್ಕೊಂಡ" ಎಂದು ನನ್ನ ಹೆಂಡತಿ ಬೈದಳು. ಅದಕ್ಕೇ ಬರೆಯಲು ಕೂತೆ. ಕಾಗದ ಗಾಡಿ ತಿರುಗಿಸಿಕೊಂಡು ಹೋಗುವುದಿಲ್ಲ.

ನನ್ನ ಕಸುಬು ಪಾತ್ರೆಗಳ ಮೇಲೆ ಹೆಸರು ಕೆತ್ತುವುದು. ಮಲ್ಲೇಶ್ವರದ ಮಾರುಕಟ್ಟೆಯ ಹತ್ತಿರ ಒಂದು ಪಾತ್ರೆ ಅಂಗಡಿ. ಅದರ ಬಾಗಿಲ ಪಕ್ಕ ಒಂದು ಮಣೆ, ಒಂದು ಬಲ್ಬು, ಗುಂಯ್ ಎನ್ನುವ ಒಂದು ಕೆತ್ತುವ ಮಷೀನು. ಅಷ್ಟೇ ನನ್ನ ಆಫೀಸು. ಮೂರನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಕನ್ನಡ ಓದಬಲ್ಲೆ, ಬರೆಯಬಲ್ಲೆ. ಮಿಕ್ಕ ಭಾಷೆಗಳ ಅಕ್ಷರಗಳನ್ನು ಗಿರಾಕಿ ಕೊಟ್ಟ ಚೀಟಿ ನೋಡಿಕೊಂಡು, ಮಾವಿನಕಾಯಿಯ ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಿದ್ದೆ. ಏನು ಬರೆದೆ ಎಂದು ನನಗೇ ಗೊತ್ತಿರುತ್ತಿರಲಿಲ್ಲ. ಆದರೆ ಅಕ್ಷರ ಮುತ್ತಿನಂತಿರುತ್ತಿತ್ತು, ಅದನ್ನು ಮಾತ್ರ ಎಲ್ಲರೂ ಒಪ್ಪುತ್ತಿದ್ದರು.

ನಮ್ಮ ಕಡೆ ಸ್ಟೀಲಿನ ಪಾತ್ರೆಯನ್ನು ಬರಿದಾಗಿ ಉಡುಗೊರೆ ಕೊಡುವ ರೂಢಿಯಿಲ್ಲವಲ್ಲ. ಯಾರು ಕೊಟ್ಟರು, ಯಾವುದಕ್ಕೆ ಕೊಟ್ಟರು, ಯಾವತ್ತು ಎಂದು ಅಂಚಿನಲ್ಲಿ ಬರೆಸಲೇಬೇಕು. ಗೃಹಪ್ರವೇಶಕ್ಕೆ ಕೊಳಗ, ನಾಮಕರಣಕ್ಕೆ ಲೋಟ, ಮದುವೆಗೆ ಹರಿವಾಣ. ಕೆತ್ತುವವನ ಮನೆಯೆಂದ ಮೇಲೆ ನಮ್ಮಲ್ಲಿ ಬರಹವಿಲ್ಲದ ಪಾತ್ರೆಯೇ ಇರಲಿಲ್ಲ. "ಸೌಟನ್ನೂ ಬಿಡ್ಲಿಲ್ಲ ಈ ಮನುಷ್ಯ" ಎಂದು ಹೆಂಡತಿ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಮೊಮ್ಮಗಳು ಕಂಪ್ಯೂಟರ್ ಓದುತ್ತಿದ್ದಾಳೆ. ಅವಳ ಕೊನೆಯ ವರ್ಷದ ಕೆಲಸಕ್ಕೆ ಒಂದು ವಿಷಯ ಬೇಕಿತ್ತು. ಒಂದು ಭಾನುವಾರ ನಮ್ಮ ಅಡಿಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಲೋಟದ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. ಆಮೇಲೆ ತಟ್ಟೆ ಓದಿದಳು, ಡಬ್ಬಿ ಓದಿದಳು. ಕಾಫಿ ಆರಿಹೋಯಿತು.

"ತಾತ, ಇದು ಪಾತ್ರೆ ಸ್ಟ್ಯಾಂಡ್ ಅಲ್ಲ. ಡೇಟಾಬೇಸು!"

"ಏನೋ ಒಂದು. ತೊಳೆದು ಬೋರಲು ಹಾಕು" ಎಂದಳು ಅವಳ ಅಜ್ಜಿ.

ಅವಳು ಮಾಡಲು ಹೊರಟದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ನಡೆದ ಸಂಗತಿಗಳನ್ನು ಕಂಪ್ಯೂಟರಿಗೆ ಕಲಿಸಬೇಕು. ಒಂದು ಸಂಗತಿಗೂ ಇನ್ನೊಂದಕ್ಕೂ ಏನು ನಂಟು ಎಂಬುದನ್ನೂ ಕಲಿಸಬೇಕು. ಕಾಗದದ ಮೇಲೆ ಚಿಕ್ಕ ಚಿಕ್ಕ ಸುತ್ತು ಹಾಕಿ, ಒಂದರಿಂದ ಒಂದಕ್ಕೆ ಗೆರೆ ಎಳೆದು ತೋರಿಸಿದಳು. "ಇದು ಚುಕ್ಕಿ ರಂಗೋಲಿ ಕಣೇ" ಎಂದಳು ಅಜ್ಜಿ. "ಹೂಂ ಅಜ್ಜಿ, ಅದೇ. ಆದ್ರೆ ಈ ರಂಗೋಲೀಲಿ ದಿನಾ ಹೊಸ ಚುಕ್ಕಿ ಬಂದು ಸೇರ್ಕೊಳ್ತಿರತ್ತೆ. ಆಗ ಹಳೇ ಚುಕ್ಕಿಗಳ ಅರ್ಥಾನೇ ಬದಲಾಗತ್ತೆ. ಅದನ್ನ ಕಂಪ್ಯೂಟರಿಗೆ ಹೆಂಗೆ ಹೇಳೋದು ಅನ್ನೋದೇ ನನ್ನ ಪ್ರಾಜೆಕ್ಟು."

ನನಗೆ ಅಷ್ಟು ಸಾಕಾಯಿತು. ಆವತ್ತಿನಿಂದ ನನಗೆ ನಿದ್ದೆಗಿಂತ ಅದೇ ಹೆಚ್ಚಾಯಿತು. ಆಗಿಹೋದದ್ದು ಆಗಿಹೋಯಿತಲ್ಲ, ಅದು ಹೇಗೆ ಬದಲಾಗುತ್ತದೆ? ನಾನು ಕೆತ್ತಿದ ಅಕ್ಷರ ಯಾವತ್ತಾದರೂ ತಾನಾಗಿ ಬದಲಾಗಿದೆಯೇ?

ಪ್ರತಿ ಭಾನುವಾರ ಅವಳು ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ನಮ್ಮ ಕಡೆಯ ಮಾರ್ಕೆಟ್ಟಿನಲ್ಲಿ ಇಳಿದು ಬರುತ್ತಿದ್ದಳು. ಅವಳೂ ಅವಳ ಅಪ್ಪ ಅಮ್ಮನೂ ಇರುವುದು ಮಲ್ಲೇಶ್ವರದಲ್ಲಿ. ಬಂದವಳೇ ಪಾತ್ರೆಗಳನ್ನು ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ನನ್ನ ಕೈಲಿ ಉಜ್ಜಿಸಿ, ಫೋಟೋ ತೆಗೆದು, ಬರಹವನ್ನು ಒಳಗೆ ಸೇರಿಸುವಳು. ಆಮೇಲೆ ಕಂಪ್ಯೂಟರನ್ನು ಪ್ರಶ್ನೆ ಕೇಳುವುದು. ಕೇಳುವ ಕೆಲಸ ನನ್ನದು. ಮೊದಮೊದಲು ಅದು ಹೇಳಿದ್ದೆಲ್ಲ ಯಡವಟ್ಟೇ.

ಹಾಲು ಉಕ್ಕಿಸುವ ಒಂದು ಹಿತ್ತಾಳೆ ಪಾತ್ರೆಯಿದೆ. ನಾವು ಈ ಮನೆಗೆ ಬಂದ ದಿನ ಹಾಲು ಉಕ್ಕಿಸಿದ್ದು. ಅದಕ್ಕೆ ಮುಂಚೆ ಇಲ್ಲೇ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ಆ ಮನೆಯ ಯಜಮಾನರು ಇದ್ದಕ್ಕಿದ್ದ ಹಾಗೆ ಖಾಲಿ ಮಾಡಿ ಎಂದರು. ನನ್ನ ಹೆಂಡತಿ ಸಾಮಾನು ಕಟ್ಟುತ್ತಾ ಅತ್ತದ್ದೇ ಅತ್ತದ್ದು. ಇದನ್ನೆಲ್ಲ ಹೇಳಿ ಒಳಗೆ ಸೇರಿಸಿದ ಮೇಲೆ, "ಮನೆ ಖಾಲಿ ಮಾಡಿಸಿದ್ದು ಎಂಥದು?" ಎಂದು ಕೇಳಿದೆವು. "ಕೆಟ್ಟದ್ದು" ಎಂದಿತು.

"ಮುಂದಿನದ್ದು ಹೇಳಿಲ್ಲವಲ್ಲೇ ನಾನು! ಆ ಮಳೆಗಾಲದಲ್ಲೇ ಆ ಮನೆ ಹಿಂದಿನ ಗೋಡೆ ಬಿತ್ತು. ನಿಮ್ಮಮ್ಮ ಮಲಗ್ತಿದ್ದ ಜಾಗದ ಮೇಲೇ" ಎಂದೆ.

ಮೊಮ್ಮಗಳು ಎದ್ದು ಕೂತಳು. ಗೋಡೆ ಬಿದ್ದದ್ದನ್ನು ಸೇರಿಸಿದಳು. ಮತ್ತೆ ಕೇಳಿದಾಗ, ಖಾಲಿ ಮಾಡಿಸಿದ್ದು "ಒಳ್ಳೆಯದು" ಎಂದಿತು. ನಾನು ಚಪ್ಪಾಳೆ ತಟ್ಟಿದೆ. ಅವಳು ತಲೆ ಕೆರೆದುಕೊಂಡಳು.

"ಇಲ್ಲ ತಾತ, ಇದೂ ತಪ್ಪು. ಈಗ ಇದರ ಪ್ರಕಾರ ಅಜ್ಜಿ ಸಾಮಾನು ಕಟ್ಟೋವಾಗ ಖುಷಿಯಾಗಿದ್ರು ಅಂತಾಗತ್ತೆ. ಹೊಸ ಅರ್ಥ ಬಂದು ಹಳೇದನ್ನ ಅಳಿಸಿಬಿಡ್ತು."

"ನಾನು ಅತ್ತಿದ್ದು ಸುಳ್ಳಾ ಹಂಗಾದ್ರೆ?" ಎಂದಳು ಅಜ್ಜಿ, ಸೌಟು ಹಿಡಿದುಕೊಂಡೇ.

ಆಗ ಅವಳು ಒಂದು ಉಪಾಯ ಮಾಡಿದಳು. ಪ್ರತಿ ಸಂಗತಿಗೂ ಎರಡು ದಿನ ಬರೆಯುವುದು: ಅದು ನಡೆದ ದಿನ ಒಂದು, ಅದು ಏನೆಂದು ನಮಗೆ ತಿಳಿದ ದಿನ ಇನ್ನೊಂದು. ಹಳೆಯ ಅರ್ಥವನ್ನು ಅಳಿಸುವ ಹಾಗಿಲ್ಲ. ಅದರ ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಸಾಮಾನು ಕಟ್ಟಿದ ದಿನ ಕೇಳಿದರೆ ಕೆಟ್ಟದ್ದು, ಗೋಡೆ ಬಿದ್ದ ಮೇಲೆ ಕೇಳಿದರೆ ಒಳ್ಳೆಯದು, ಎರಡೂ ನಿಜ. ಆಹಾ, ಎಷ್ಟು ಸೊಗಸಾಗಿ ಹೊಳೆಯಿತು ಅವಳಿಗೆ! ಅವಳ ಅಜ್ಜಿ ಸೌಟು ಕೆಳಗಿಟ್ಟು ನೆಟಿಕೆ ಮುರಿದು ದೃಷ್ಟಿ ತೆಗೆದಳು.

ನನಗೆ ಮಾತ್ರ ಆ ಮಾತು ಒಳಗೇ ಕೂತಿತು. ಅಳಿಸಬಾರದು, ಪಕ್ಕದಲ್ಲಿ ಬರೆಯಬೇಕು. ಯಾಕೆಂದರೆ ನಾನು ಒಂದು ಸಲ ಅಳಿಸಿದ್ದೆ. ಹಾಗೆ ಅಳಿಸಿದ್ದು ನಮ್ಮ ಅಟ್ಟದ ಮೇಲೇ ಇತ್ತು.

ಇನ್ನೊಂದು ಭಾನುವಾರ ಅವಳು ಸ್ಟೂಲು ಹಾಕಿಕೊಂಡು ಅಟ್ಟಕ್ಕೆ ಕೈ ಹಾಕಿದಳು. ಹಳೆಯ ಸೀರೆಯಲ್ಲಿ ಕಟ್ಟಿದ ಗಂಟು. ಒಳಗೆ ಕೊಳಗ, ಹರಿವಾಣ, ತಟ್ಟೆ, ಲೋಟ. ಒಂದೂ ಒಲೆ ಕಾಣದವು. ಎಲ್ಲದರ ಅಂಚಿನಲ್ಲೂ ನಮ್ಮ ಮಗಳ ಹೆಸರು, ಅದರ ಪಕ್ಕ ಒತ್ತೊತ್ತಾಗಿ ಎಲೆಬಳ್ಳಿ.

"ಎಷ್ಟು ಚೆನ್ನಾಗಿದೆ ತಾತ! ಅಮ್ಮನ ಹೆಸರಿನ ಪಕ್ಕ ಯಾಕೆ ಬಳ್ಳಿ?"

ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಆ ಹುಡುಗಿಗೂ ಅಷ್ಟಿಷ್ಟು ಗೊತ್ತಿತ್ತು. ಅವಳ ಅಮ್ಮನಿಗೆ, ಅಂದರೆ ನಮ್ಮ ಮಗಳಿಗೆ, ಮೊದಲು ಬೇರೊಂದು ಕಡೆ ಮದುವೆ ಗೊತ್ತಾಗಿತ್ತು. ಆಗ ಅವಳು ಟೀಚರಾಗಲು ಬಿ.ಎಡ್. ಓದುತ್ತಿದ್ದಳು. ಗಂಡಿನ ಕಡೆಯವರು ಓದು ಸಾಕು ಎಂದದ್ದಕ್ಕೆ ಕಾಲೇಜು ಬಿಟ್ಟಿದ್ದಳು. ಛತ್ರ ಗೊತ್ತಾಗಿತ್ತು, ಚಪ್ಪರದವನಿಗೆ ಹೇಳಿಯಾಗಿತ್ತು, ನನ್ನ ಹೆಂಡತಿ ಬೀಗರಿಗೆಂದು ಬುಟ್ಟಿಗಟ್ಟಲೆ ಚಿರೋಟಿ ಮಾಡಿದ್ದಳು. ಬೇರೆಯವರಾದರೆ ಮಗಳಿಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುವುದು ಮದುವೆಯ ಹಿಂದಿನ ದಿನ, ಓಡಾಟದ ನಡುವೆ. ನಾನು ಕೆತ್ತುವವನು, ಅದೂ ಒಬ್ಬಳೇ ಮಗಳು, ಕೈ ನಿಲ್ಲಬೇಕಲ್ಲ! ಲಗ್ನಪತ್ರಿಕೆ ಆದ ಮಾರನೆಯ ದಿನದಿಂದಲೇ ಕೂತು ಎಲ್ಲ ಪಾತ್ರೆಗೂ ಹುಡುಗಿಯ ಹೆಸರು, ಹುಡುಗನ ಹೆಸರು ಜೋಡಿಯಾಗಿ ಕೆತ್ತಿ ಮುಗಿಸಿಬಿಟ್ಟೆ. ಮದುವೆ ಇನ್ನೇನು ಬಂತು ಎನ್ನುವಾಗ ಆ ಹುಡುಗ ಪಕ್ಕದ ಮನೆಗೆ ಫೋನು ಮಾಡಿ ನಮ್ಮ ಮಗಳನ್ನೇ ಕರೆಸಿಕೊಂಡು ಮಾತಾಡಿದ. ತನ್ನ ಮನಸ್ಸು ಇನ್ನೊಬ್ಬಳ ಮೇಲಿದೆ, ಮನೆಯವರಿಗೆ ಹೇಳಲು ಇಷ್ಟು ದಿನ ಧೈರ್ಯ ಬರಲಿಲ್ಲ ಎಂದ. ಮದುವೆ ನಿಂತುಹೋಯಿತು.

ಸ್ಟೀಲಿನ ಮೇಲೆ ಕೆತ್ತಿದ್ದನ್ನು ಒರೆಸುವ ಹಾಗಿಲ್ಲ. ಅದಕ್ಕೆ ನಾನು ಆ ಹುಡುಗನ ಹೆಸರಿನ ಒಂದೊಂದು ಅಕ್ಷರದ ಮೇಲೂ ಎಲೆ ಬಿಡಿಸುತ್ತಾ ಹೋದೆ. ಒತ್ತಿಗೆ ದೀರ್ಘಕ್ಕೆಲ್ಲ ಬಳ್ಳಿ ಸುತ್ತಿಸಿದೆ. ನನ್ನ ಬಾಳಿನಲ್ಲಿ ಅಷ್ಟು ಒಳ್ಳೆಯ ಕುಸುರಿ ಇನ್ನೊಂದು ಮಾಡಿಲ್ಲ. ಮಾಡಿ, ಕಟ್ಟಿ, ಮೇಲಿಟ್ಟೆ.

ಮಗಳು ಮುಂದಿನ ವಾರ ಕಾಲೇಜಿಗೆ ವಾಪಸ್ಸು ಹೋದಳು, ಟೀಚರಾದಳು, ಕೆಲವು ವರ್ಷದ ಮೇಲೆ ಬೇರೆಯವರನ್ನು ಮದುವೆಯಾದಳು. ಆ ಮದುವೆಗೆ ಹೊಸ ಪಾತ್ರೆ ತಂದೆ. ಹೆಸರನ್ನು ತಾಳಿ ಕಟ್ಟಿದ ಮೇಲೆಯೇ ಕೆತ್ತಿದೆ. ಆದರೆ ಆ ನಿಂತ ಮದುವೆಯ ಮಾತನ್ನು ಅವಳ ಮುಂದೆ ನಾನು ಯಾವತ್ತೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಒಳಗೆ ನೋವು ಉಳಿದಿದೆಯೋ ಏನೋ, ಕೆದಕುವುದು ಬೇಡ ಎಂದು ನಾನೇ ಅಂದುಕೊಂಡಿದ್ದೆ.

"ತಾತ, ನನ್ನ ಪ್ರಾಜೆಕ್ಟಿಗೆ ಇದೇ ಬೇಕು" ಎಂದಳು ಮೊಮ್ಮಗಳು. "ಆಮೇಲೆ ಬಂದ ಸಂಗತಿಗಳಿಂದ ಅರ್ಥ ಬದಲಾಗಿದೆಯೋ ಇಲ್ವೋ ಗೊತ್ತಾಗ್ಬೇಕು. ಆದ್ರೆ ಅಮ್ಮ ಹೇಳ್ಬೇಕು. ಅಮ್ಮ ಬೇಡ ಅಂದ್ರೆ ಬೇಡ."

"ಕೇಳಬೇಡ ಕಣೇ" ಎಂದೆ ನಾನು.

"ಯಾಕೆ?"

ಮಗಳ ಮುಖ ಬಾಡುವುದನ್ನು ನೋಡಲಾರೆ ಎಂಬುದೊಂದು. ಆದರೆ ಅವಳು ಏನು ಹೇಳಬಹುದು ಎಂಬ ಕುತೂಹಲ ಅದಕ್ಕಿಂತ ಜೋರಾಗಿತ್ತು, ಅದೂ ನಿಜ. ಇಷ್ಟು ವರ್ಷ ಒಂದು ಗಂಟನ್ನು ಬಿಚ್ಚದೆ ಕಾದುಕೊಂಡಿದ್ದೇನೆ. ಒಳಗೆ ಏನಿದೆ ಎಂದು ನನಗೇ ಗೊತ್ತಿಲ್ಲ. ಆ ವಾರವೆಲ್ಲ ನಾನು ಊಟ ಮಾಡುವಾಗಲೂ ಅದನ್ನೇ ಯೋಚಿಸಿದೆ. "ಸಾರಿಗೆ ಉಪ್ಪು ಹಾಕಿಲ್ಲ, ಗೊತ್ತಾಯ್ತೇನ್ರೀ?" ಎಂದು ಹೆಂಡತಿ ಕೇಳಿದಾಗಲೇ ಗೊತ್ತಾದದ್ದು.

ಭಾನುವಾರ ಮಗಳೂ ಬಂದಳು. ಊಟವಾದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ಕೂತೆವು. ಮೊಮ್ಮಗಳು ಸುತ್ತಿಬಳಸಲಿಲ್ಲ. ಎಲೆಬಳ್ಳಿಯ ಹರಿವಾಣವನ್ನು ತಂದು ಅಮ್ಮನ ಮುಂದಿಟ್ಟು, "ಅಮ್ಮಾ, ಇದನ್ನ ಪ್ರಾಜೆಕ್ಟಿಗೆ ಹಾಕ್ಕೊಳ್ಲಾ?" ಎಂದಳು. ನಾನು ಎದ್ದು ಕಿಟಕಿಯ ಕಡೆ ಹೋದೆ. ಹೊರಗೆ ಒಂದು ಆಟೋ ರಿವರ್ಸ್ ತೆಗೆದುಕೊಳ್ಳುತ್ತಿತ್ತು. ಅದನ್ನೇ ಬಹಳ ಗಮನವಿಟ್ಟು ನೋಡಿದೆ.

ಹಿಂದೆ ನಗು ಕೇಳಿಸಿತು. ತಿರುಗಿ ನೋಡಿದರೆ ನನ್ನ ಮಗಳು ಹರಿವಾಣವನ್ನು ಬೆಳಕಿಗೆ ಹಿಡಿದು ನಗುತ್ತಿದ್ದಾಳೆ.

"ಅಯ್ಯೋ ಅಪ್ಪ, ಇದೇನಿದು! ಆ ಹುಡುಗನ್ನ ಕಾಡೊಳಗೆ ಬಚ್ಚಿಟ್ಟಿದ್ದೀಯಲ್ಲ!"

"ನೀನು ನೋಡಿರ್ಲಿಲ್ವಾ?"

"ಎಲ್ಲಿ ತೋರಿಸಿದ್ದೆ ನೀನು? ಮದುವೆ ನಿಂತ ಮೇಲೆ ಪಾತ್ರೆ ಎಲ್ಲ ಮಾಯ. ಅಂಗಡಿಗೆ ವಾಪಸ್ ಕೊಟ್ಟೆ ಅಂದ್ಕೊಂಡಿದ್ದೆ." ಹಾಗೆನ್ನುತ್ತಾ ತನ್ನ ಚೀಲಕ್ಕೆ ಕೈ ಹಾಕಿ ಒಂದು ಚಿಕ್ಕ ಡಬ್ಬಿ ತೆಗೆದಳು. ಅವಳಮ್ಮನಿಂದ ಕೋಸಂಬರಿ ಹಾಕಿಸಿಕೊಂಡು ಹೋಗಲು ತಂದಿದ್ದ, ದಿನಾ ಶಾಲೆಗೆ ಒಯ್ಯುವ ಊಟದ ಡಬ್ಬಿ. "ಇದೊಂದು ಉಳಿದಿತ್ತು. ಆವತ್ತೇ ನನ್ನ ಪೆಟ್ಟಿಗೆಗೆ ಹಾಕ್ಕೊಂಡೆ."

ಕನ್ನಡಕ ಹಾಕಿಕೊಂಡು ನೋಡಿದೆ. ನನ್ನದೇ ಅಕ್ಷರ. ಉಜ್ಜಿ ಉಜ್ಜಿ ಸವೆದಿದ್ದರೂ ಓದಬಹುದು. ಮಗಳ ಹೆಸರು, ಪಕ್ಕದಲ್ಲಿ ಆ ಹುಡುಗನ ಹೆಸರು. ಒಂದು ಎಲೆಯಿಲ್ಲ, ಒಂದು ಬಳ್ಳಿಯಿಲ್ಲ.

"ಇದ್ರಲ್ಲಿ ಊಟ ಮಾಡ್ತೀಯಾ? ದಿನಾ?"

"ಮಾಡ್ದೆ ಇನ್ನೇನು? ಸ್ಟಾಫ್ ರೂಮಿಗೆ ಹೊಸಬರು ಯಾರು ಬಂದ್ರೂ, ಮೇಡಂ ಇದ್ಯಾರ ಹೆಸರು ಅಂತಾರೆ. ಕಥೆ ಹೇಳ್ತೀನಿ, ಎಲ್ರೂ ನಗ್ತೀವಿ. ನಿನ್ನ ಅಳಿಯನಿಗೂ ಗೊತ್ತು. ಒಂದಿನ ಡಬ್ಬಿ ಮರೆತು ಹೋದ್ರೆ, ನಿಮ್ಮ ಮೊದಲ್ನೇ ಯಜಮಾನ್ರು ಮನೇಲೇ ಉಳಿದ್ಬಿಟ್ರು ಅಂತ ಫೋನ್ ಮಾಡ್ತಾರೆ."

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆವತ್ತು ಅತ್ತಿದ್ಯಲ್ಲಮ್ಮ" ಎಂದೆ.

"ಅತ್ತೆ. ರಾತ್ರಿವರೆಗೂ ಅತ್ತೆ. ಬೆಳಗ್ಗೆ ಎದ್ದಾಗ ಕಾಲೇಜಿಗೆ ಹೋಗಬಹುದಲ್ಲ ಅಂತ ನೆನಪಾಯ್ತು. ಅಪ್ಪ, ಆ ಹುಡುಗ ಫೋನಲ್ಲಿ ಎಷ್ಟು ನಡುಗ್ತಿದ್ದ ಗೊತ್ತಾ? ಪಾಪ, ನನ್ನ ಹತ್ರ ನಿಜ ಹೇಳಿದವನು ಅವನೊಬ್ಬನೇ. ಮದುವೆ ಗೊತ್ತಾದಾಗ, ಓದು ಬಿಡ್ತೀಯಾ ಅಂತ ಯಾರೂ ನನ್ನ ಕೇಳ್ಲಿಲ್ಲ. ಆ ಡಬ್ಬಿ ಅವನ ನೆನಪಿಗಲ್ಲ, ಆ ಬೆಳಗಿನ ನೆನಪಿಗೆ ಇಟ್ಕೊಂಡೆ."

"ನನಗೆ ಒಂದು ಮಾತು ಹೇಳಬಾರದಿತ್ತೇನೇ?"

"ನೀನು ಆ ಮಾತು ಬಂದ್ರೆ ಎದ್ದು ಕಿಟಕಿ ಹತ್ರ ಹೋಗ್ತಿದ್ದೆ. ಈಗ ಹೋದ್ಯಲ್ಲ, ಹಂಗೇ. ನಿನಗೆ ನೋವಾಗತ್ತೆ ಅಂತ ನಾನೂ ಎತ್ತಲಿಲ್ಲ."

ನೋಡಿ, ಅವಳ ನೋವು ಎಂದು ನಾನು ಕಾದುಕೊಂಡದ್ದು, ನನ್ನ ನೋವು ಎಂದು ಅವಳು ಕಾದುಕೊಂಡದ್ದು! ಅಟ್ಟದ ಮೇಲಿದ್ದ ಗಂಟು ಯಾರದ್ದು ಹಾಗಾದರೆ?

ನಗು ನಿಂತ ಮೇಲೆ ಮೊಮ್ಮಗಳು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ತಾನು ಬರೆದದ್ದನ್ನೆಲ್ಲ ಮತ್ತೆ ಓದಿದಳು. "ಎರಡು ದಿನ ಬರೆದ್ರೆ ಸಾಲ್ದು" ಎಂದಳು ಕೊನೆಗೆ. "ಯಾರಿಗೆ ಅನ್ನೋದನ್ನೂ ಬರೀಬೇಕು. ಅಮ್ಮನಿಗೆ ಅರ್ಥ ಮಾರನೇ ಬೆಳಗ್ಗೆನೇ ಬದಲಾಗಿದೆ. ತಾತನಿಗೆ ಇವತ್ತಿನವರೆಗೂ ಬದಲಾಗಿಲ್ಲ. ಸಂಗತಿ ಒಂದೇ, ಮನೆ ಒಂದೇ, ಗಡಿಯಾರ ಬೇರೆ ಬೇರೆ." ಅವಳ ಬೆರಳು ಟಕಟಕ ಓಡತೊಡಗಿತು. ನನಗೆ ಆ ಸದ್ದು ನನ್ನ ಹಳೆಯ ಮಷೀನಿನ ಗುಂಯ್ ಶಬ್ದದಷ್ಟೇ ಹಿತವಾಗಿತ್ತು.

ಪ್ರಾಜೆಕ್ಟು ತೋರಿಸುವ ದಿನ ಕಾಲೇಜಿಗೆ ನನ್ನನ್ನೂ ಕರೆದುಕೊಂಡು ಹೋದಳು. ಒಗೆದ ಪಂಚೆ ಉಟ್ಟು, ಎಲೆಬಳ್ಳಿಯ ಹರಿವಾಣವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತೆ. ಮೇಷ್ಟರುಗಳು ಇಂಗ್ಲಿಷಿನಲ್ಲಿ ಏನೇನೋ ಕೇಳಿದರು, ಅವಳು ಹೇಳಿದಳು. ಕನ್ನಡಕದ ಮೇಡಂ ಒಬ್ಬರು ಮಾತ್ರ ನನ್ನ ಕಡೆ ನೋಡಿ ನಕ್ಕು, ಕನ್ನಡದಲ್ಲೇ ಕೇಳಿದರು: "ಹೋಗ್ಲಿ, ಆ ಮದುವೆ ನಿಂತಿದ್ದು ಒಳ್ಳೇದೋ ಕೆಟ್ಟದ್ದೋ? ಕೇಳಮ್ಮ ಅದನ್ನ." ಮೊಮ್ಮಗಳು ಟೈಪು ಮಾಡಿದಳು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕನ್ನಡದ ಅಕ್ಷರ ಮೂಡಿತು: ಯಾರಿಗೆ? ಯಾವತ್ತಿಗೆ?

ಮೇಡಂ ಜೋರಾಗಿ ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ. ಹರಿವಾಣ ಜಾರಿ ನೆಲಕ್ಕೆ ಬಿದ್ದು ಠಣ್ ಎಂದು ಆ ಕೋಣೆಯೆಲ್ಲ ಗುಂಯ್‌ಗುಟ್ಟಿತು. ಅಂಚು ಚೂರು ನಗ್ಗಿದೆ. ಇರಲಿ, ಅದಕ್ಕೂ ಒಂದು ಕಥೆ ಬೇಡವೇ?

ನಿನ್ನೆ ಭಾನುವಾರ. ಗಂಟಿನ ಪಾತ್ರೆಗಳೆಲ್ಲ ಕೆಳಗಿಳಿದು ಕೂತಿದ್ದವು. ಆ ಕೊಳಗದಲ್ಲಿ ನನ್ನ ಹೆಂಡತಿ ಬಿಸಿಬೇಳೆ ಬಾತ್ ಮಾಡಿದ್ದಳು. ಮಗಳು, ಅಳಿಯ, ಮೊಮ್ಮಗಳು ಎಲ್ಲ ಎಲೆಬಳ್ಳಿಯ ತಟ್ಟೆಯಲ್ಲೇ ಉಂಡರು. ಅಳಿಯ ತಟ್ಟೆ ತಿರುಗಿಸಿ ತಿರುಗಿಸಿ ಎಲೆಗಳ ನಡುವೆ ಅಕ್ಷರ ಹುಡುಕುತ್ತಿದ್ದ. ಕೈ ತೊಳೆದು ಬಂದ ಮೇಲೆ ಮೊಮ್ಮಗಳು ನನ್ನ ಪಕ್ಕ ಕೂತಳು.

"ತಾತ, ನಿಂದೊಂದು ಬಾಕಿ ಇದೆ. ನಿನ್ನ ಹೆಸರಲ್ಲಿ ಇನ್ನೂ ಹಳೇದೇ ಇದೆ. ಮದುವೆ ನಿಂತಿದ್ದು, ತಾತನಿಗೆ, ದುಃಖ. ಇವತ್ತಿಗೆ ಏನು ಬರ್ಕೊಳ್ಲಿ?"

ನಾನು ಮಗಳ ಕಡೆ ನೋಡಿದೆ. ಅವಳು ಆ ಡಬ್ಬಿಗೆ ಬಾತ್ ತುಂಬಿಕೊಂಡು ಮುಚ್ಚಳ ಒತ್ತುತ್ತಿದ್ದಳು.

"ಹಳೇದು ಇರ್ಲಿ, ಅದನ್ನ ಮುಟ್ಟಬೇಡ" ಎಂದೆ. "ಪಕ್ಕದಲ್ಲಿ ಬರಿ. ತಾತನಿಗೆ, ಇವತ್ತು, ಊಟ ಆದ್ಮೇಲೆ, ಆ ಹುಡುಗ ಸಿಕ್ಕಿದ್ರೆ ಕೂರಿಸಿ ಬಾತ್ ಬಡಿಸ್ತಿದ್ದೆ ಅನ್ನಿಸ್ತಿದೆ."

ಅಡಿಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು.

"ಏಯ್, ಅದನ್ನ ನನ್ನ ಹೆಸರಿಗೂ ಬರ್ಕೊಂಡ್ಬಿಟ್ಟೀಯ ಮತ್ತೆ! ಬುಟ್ಟಿ ಬುಟ್ಟಿ ಚಿರೋಟಿ ಕರ್ದಿದ್ದು ನಾನು. ಬೀದಿಯವ್ರೆಲ್ಲ ತಿಂದು ಬಾಯಿ ಒರೆಸ್ಕೊಂಡ್ ಹೋದ್ರು. ನನ್ನದು ಇನ್ನೂ ಕೋಪಾನೇ. ಹಂಗೇ ಬರಿ."

"ಯಾವತ್ತಿನವರೆಗೆ ಅಜ್ಜಿ?"

"ಹೇಳ್ತೀನಿ ಇರು. ಅವಸರ ಏನು? ಮೊದಲು ಆ ತಟ್ಟೆಗಳನ್ನ ಎತ್ಕೊಂಡ್ ಬಾ."